ಹದಿನೇಳು ಉಡಿ ಕಂಡ ಖಣ

ನಾನು ಒಂದು ಖಣ. ರವಿಕೆ ಹೊಲಿಸಲೆಂದೇ ನೇಯುವ ಒಂದು ತುಂಡು ಬಟ್ಟೆ. ಮೈಸೂರು ಕಡೆಯವರು ಕಣ ಎನ್ನುತ್ತಾರಂತೆ, ಪೇಟೆಯವರು ಜಂಪರ್ ಪೀಸ್ ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ನಮ್ಮ ಹುಟ್ಟಿಗೆ ಇರುವ ಉದ್ದೇಶ ಒಂದೇ. ಕತ್ತರಿಗೆ ಸಿಕ್ಕಿ, ಸೂಜಿಯಡಿ ಹಾದು, ಒಬ್ಬಳ ಮೈಮೇಲೆ ಕೂರುವುದು. ಆ ಭಾಗ್ಯಕ್ಕಾಗಿ ನಾನು ಇಪ್ಪತ್ತು ವರ್ಷ ಕಾದೆ. ಬಂದದ್ದೂ ನಾನು ಬಯಸಿದ ರೀತಿಯಲ್ಲಲ್ಲ.

ಗುಳೇದಗುಡ್ಡದ ಇಕ್ಕಟ್ಟಾದ ಓಣಿಯೊಂದರಲ್ಲಿ ಈರಪ್ಪನ ಮನೆ. ಪಡಸಾಲೆಯಲ್ಲೇ ನೆಲ ತೋಡಿ ಇಳಿಸಿದ ಕುಣಿ ಮಗ್ಗ. ಈರಪ್ಪ ಸೊಂಟದವರೆಗೆ ಕುಣಿಯಲ್ಲಿ ಇಳಿದು ಕೂತು ಲಾಳಿ ಎಸೆಯುತ್ತಿದ್ದ. ಅವನ ಹೆಂಡತಿ ಗೌರವ್ವ ಹೊಸ್ತಿಲ ಬಳಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನನ್ನಲ್ಲಿ ಹತ್ತಿ, ರೇಷ್ಮೆ ಎರಡೂ ಬೆರೆತಿವೆ. ಒಡಲು ದಾಳಿಂಬೆ ಕೆಂಪು, ಅದರ ತುಂಬ ಆನೆ ಹೆಜ್ಜೆ ಎಂಬ ಸಣ್ಣ ಚಿತ್ತಾರ, ಎರಡೂ ಬದಿಗೆ ಗಿಣಿ ಹಸಿರು ದಡಿ. ಒಂದೇ ಹಾಸಿನಲ್ಲಿ ನಾವು ಹತ್ತು ಮಂದಿ ಒಡಹುಟ್ಟಿದವರು. ಹಾಸು ಮುಗಿದ ದಿನ ಗೌರವ್ವ ನಮ್ಮನ್ನು ಒಬ್ಬೊಬ್ಬರನ್ನಾಗಿ ಕತ್ತರಿಸಿ ಬೇರೆ ಮಾಡಿದಳು. ನನ್ನ ಪಾಳಿ ಬಂದಾಗ ಯಾಕೋ ತನ್ನ ತೋಳಿನ ಮೇಲೆ ಹಾಸಿಕೊಂಡು ನೋಡಿದಳು.

"ಇದೊಂದು ನನಗ ಇಟ್ಕೊಳ್ಳಲೇನು?" ಎಂದಳು.

"ಇಟ್ಕೋ. ಆಮ್ಯಾಲ ನೂಲು ಕೊಡೋ ಸಾವ್ಕಾರಗ ನೀನ ಹೇಳಬೇಕು ನೋಡು," ಎಂದ ಈರಪ್ಪ, ಕುಣಿಯೊಳಗಿಂದಲೇ.

ಗೌರವ್ವ ನಕ್ಕು ನನ್ನನ್ನು ಉಳಿದವರ ಮೇಲೆ ಇಟ್ಟಳು. ಅವಳ ತೋಳಿನ ಬಿಸಿ ನನಗೆ ತಾಗಿದ್ದು ಅರೆಗಳಿಗೆ ಮಾತ್ರ. ಅಷ್ಟಕ್ಕೇ ನಾನು ಮೈಯೊಂದರ ಆಸೆಗೆ ಬಿದ್ದೆ.

ಗದಗಿನ ಅಂಗಡಿಯವನು ನನ್ನನ್ನು ಅಗಲಕ್ಕೆ ನಾಲ್ಕು, ಉದ್ದಕ್ಕೆ ಮೂರು ಮಡಿಕೆ ಮಾಡಿ ಕಟ್ಟಿನಲ್ಲಿ ಸೇರಿಸಿದ. ಅಂಗಡಿಯ ಎದುರಿಗೇ ಒಬ್ಬ ದರ್ಜಿ ಇದ್ದ. ನನ್ನ ಒಡಹುಟ್ಟಿದವಳೊಬ್ಬಳನ್ನು ಒಬ್ಬ ಹುಡುಗಿ ಕೊಂಡವಳೇ ರಸ್ತೆ ದಾಟಿ ಅಳತೆ ಕೊಟ್ಟಳು. ವಾರ ಕಳೆಯುವುದರೊಳಗೆ ಅದೇ ಹುಡುಗಿ ಅದೇ ಖಣ ತೊಟ್ಟು ಅಂಗಡಿಯ ಮುಂದೆ ಹಾದುಹೋದಳು. ಒಡಹುಟ್ಟಿದವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ನನ್ನನ್ನು ಕೊಂಡವರು ಮದುವೆ ಮನೆಯವರು. ಒಂದು ಕಟ್ಟು ಖಣ ಒಮ್ಮೆಗೇ ಒಯ್ದರು. ಅಲ್ಲಿಂದ ಶುರುವಾಯಿತು ನನ್ನ ಊರೂರು ಅಲೆದಾಟ. ನಮ್ಮ ಕಡೆ ಮುತ್ತೈದೆಯೊಬ್ಬಳು ಮನೆಗೆ ಬಂದರೆ ಬರಿಗೈಲಿ ಕಳಿಸುವುದಿಲ್ಲ. ಹೊರಡುವಾಗ ಅವಳ ಸೆರಗಿನಲ್ಲಿ ಅಕ್ಕಿ, ಎಲೆ ಅಡಿಕೆ, ತೆಂಗಿನಕಾಯಿ, ಜೊತೆಗೊಂದು ಖಣ ಇಟ್ಟು ಉಡಿ ತುಂಬುತ್ತಾರೆ. ಅಕ್ಕಿ ಅನ್ನವಾಗುತ್ತದೆ, ಕಾಯಿ ಚಟ್ನಿಯಾಗುತ್ತದೆ. ಖಣ ಮಾತ್ರ ಮಡಿಕೆ ಬಿಚ್ಚದೆ ಉಳಿದು, ಮುಂದೆ ಆ ಮನೆಗೆ ಬಂದವಳ ಉಡಿ ಸೇರುತ್ತದೆ. ಅವಳು ಇನ್ನೊಬ್ಬಳ ಉಡಿಗೆ ಹಾಕುತ್ತಾಳೆ.

ನಾನು ಚೆನ್ನಾಗಿರಲಿಲ್ಲ ಎಂದಲ್ಲ. ನಾನು ಕೊಡಲು ಯೋಗ್ಯವಾಗಿದ್ದೆ. ಅದೇ ನನಗೆ ಮುಳುವಾಯಿತು. ಪ್ರತಿಯೊಬ್ಬಳೂ ನನ್ನನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರಿ, "ಚೊಲೋ ಐತಿ, ಯಾರಿಗರ ಕೊಡಾಕ ಬರ್ತೈತಿ," ಎಂದು ಟ್ರಂಕಿಗೆ ಹಾಕುತ್ತಿದ್ದಳು. ಐದನೇ ಉಡಿಯಲ್ಲಿ ಕೊಟ್ಟವಳು, "ನಿನ್ನ ಸಲುವಾಗೇ ತಂದಿದ್ದು," ಎಂದಳು. ತಗೊಂಡವಳು, "ಎಷ್ಟು ಚಂದ ಆರಿಸೀರಿ," ಎಂದಳು. ಇಬ್ಬರಿಗೂ ನಿಜ ಗೊತ್ತಿತ್ತು, ನನಗೂ ಗೊತ್ತಿತ್ತು. ಅಣ್ಣಿಗೇರಿ, ನರಗುಂದ, ನವಲಗುಂದ, ಮತ್ತೆ ಗದಗ. ಮನೆ ಬದಲಾದರೂ ಕತ್ತಲೆ ಒಂದೇ, ಡಾಂಬರು ಗುಳಿಗೆಯ ವಾಸನೆ ಒಂದೇ. ಯಾರೋ ಮುಚ್ಚಳ ತೆಗೆದ ಸದ್ದಾದಾಗಲೆಲ್ಲ ಈ ಸಲ ಹೊಲಿಸಲಿಕ್ಕೇ ಇರಬಹುದು ಎಂದು ನಾನು ಮೈಯೆಲ್ಲ ಕಿವಿಯಾಗುತ್ತಿದ್ದೆ. ಏಳು ವರ್ಷದಲ್ಲಿ ಹದಿಮೂರು ಉಡಿ ಕಂಡೆ, ಒಂದು ಸೂಜಿ ಕಾಣಲಿಲ್ಲ.

ಹದಿನಾಲ್ಕನೆಯ ಉಡಿ ಗದಗಿನ ಮಹಾನಂದಾ ಅವರದು. ಎತ್ತರದ ಹೆಂಗಸು, ಮಾತು ಕಡಿಮೆ, ನೋಟ ಚೂಪು. ಮನೆಗೆ ಬಂದು ಉಡಿ ಇಳಿಸಿದವರು ನನ್ನನ್ನು ಟ್ರಂಕಿಗೆ ಹಾಕಲಿಲ್ಲ. ಕನ್ನಡಿಯ ಮುಂದೆ ನಿಂತು ಮಡಿಕೆಯಿದ್ದಂತೆಯೇ ಭುಜದ ಮೇಲಿಟ್ಟುಕೊಂಡರು. ತಮ್ಮ ಹಸಿರು ಇಳಕಲ್ ಸೀರೆಯ ಸೆರಗನ್ನು ಪಕ್ಕಕ್ಕೆ ಹಿಡಿದು ಹೋಲಿಸಿದರು.

"ಇದಕ್ಕ ಇದ ಜೋಡಿ," ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು.

ಎರಡು ವಾರ ನಾನು ಅವರ ದಿಂಬಿನ ಪಕ್ಕದಲ್ಲೇ ಇದ್ದೆ. ನಾಳೆ ದರ್ಜಿಯ ಬಳಿಗೆ, ನಾಡಿದ್ದು ದರ್ಜಿಯ ಬಳಿಗೆ ಎಂದು ದಿನ ಎಣಿಸಿದೆ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅವರ ತಮ್ಮನ ಮನೆಯ ಗೃಹಪ್ರವೇಶದ ಕರೆ ಬಂತು. ತಮ್ಮನ ಹೆಂಡತಿ ಸುವರ್ಣಾಳ ಉಡಿಗೆ ಏನು ಹಾಕುವುದೆಂದು ಮಹಾನಂದಾ ಟ್ರಂಕಿನಲ್ಲಿದ್ದ ಖಣಗಳನ್ನೆಲ್ಲ ತೆಗೆದು ನೋಡಿ, ಯಾವುದೂ ಮನಸ್ಸಿಗೆ ಬಾರದೆ, ದಿಂಬಿನ ಪಕ್ಕದಿಂದ ನನ್ನನ್ನು ಎತ್ತಿಕೊಂಡರು. ಅವರು ಕೊಟ್ಟದ್ದು ತಮಗೆ ಬೇಡವಾದದ್ದನ್ನಲ್ಲ, ತಮಗೆ ಬೇಕಾದದ್ದನ್ನು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಸುವರ್ಣಾ ಅಚ್ಚುಕಟ್ಟಿನ ಹೆಣ್ಣು. ಕೊಟ್ಟವರಿಗೇ ಅವರು ಕೊಟ್ಟ ಖಣ ತಿರುಗಿ ಹೋಗಿ ಅವಮಾನವಾಗಬಾರದೆಂದು ಪ್ರತಿ ಖಣದ ಮಡಿಕೆಯಲ್ಲೂ ಒಂದು ಚೀಟಿ ಬರೆದಿಡುತ್ತಿದ್ದಳು. ನನ್ನಲ್ಲಿ ಇಟ್ಟ ಚೀಟಿ ಹೀಗಿತ್ತು: "ಗದಗ ಅಕ್ಕಾರು ಕೊಟ್ಟದ್ದು. ಹಳೇ ಡಿಜೈನ್. ಯಾರಿಗಾದರೂ ದಾಟಿಸಬೇಕು." ಆ ಚೀಟಿ ನನ್ನ ಮೈಗೆ ಚುಚ್ಚುತ್ತಿತ್ತು.

ಮುಂದಿನ ಪಂಚಮಿಗೆ ಮಹಾನಂದಾ ಹುಬ್ಬಳ್ಳಿಗೆ ಬಂದರು. ಹೊರಡುವಾಗ ಬಸ್ಸಿಗೆ ಹೊತ್ತಾಗಿತ್ತು, ಆಟೋ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಸುವರ್ಣಾ ಖಣ ಕೂಡಿಡುವ ಚೀಲಕ್ಕೆ ಕೈ ಹಾಕಿ ಮೇಲೆ ಸಿಕ್ಕಿದ್ದನ್ನು ಎಳೆದು ಉಡಿಗೆ ಹಾಕಿದಳು. ಸಿಕ್ಕವಳು ನಾನು, ಚೀಟಿ ನನ್ನೊಳಗೇ ಇತ್ತು. ಚೀಟಿ ಬರೆದದ್ದು ಯಾವ ಅವಮಾನ ತಪ್ಪಿಸಲಿಕ್ಕೋ ಅದೇ ಅವಮಾನ ಆ ಚೀಟಿಯಿಂದಲೇ ಆಯಿತು.

ಮಹಾನಂದಾ ಮನೆಗೆ ಹೋಗಿ ಚೀಟಿ ಓದಿದರು. ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದರು. ಆಮೇಲೆ ಚೀಟಿಯನ್ನು ಇದ್ದ ಮಡಿಕೆಗೇ ತಿರುಗಿ ಸೇರಿಸಿದರು. ಮರುವರ್ಷ ಸುವರ್ಣಾ ಗದಗಿಗೆ ಬಂದಾಗ ಅಕ್ಕಿ ಕಾಯಿಯ ಜೊತೆ ನನ್ನನ್ನೇ ಅವಳ ಉಡಿಗೆ ಹಾಕಿದರು. ಹುಬ್ಬಳ್ಳಿಗೆ ಬಂದು ಮಡಿಕೆ ಸರಿಸಿದ ಸುವರ್ಣಾಳಿಗೆ ತನ್ನದೇ ಚೀಟಿ ಸಿಕ್ಕಿತು. ಕೆಳಗೆ ಪೆನ್ನಿನಲ್ಲಿ ಎರಡು ಸಾಲು ಹೆಚ್ಚಿತ್ತು. "ಇದನ್ನು ನಾನೇ ಹೊಲಿಸಿಕೊಳ್ಳಬೇಕೆಂದಿದ್ದೆ. ಚೆನ್ನಾಗಿದೆ ಎಂದು ನಿನಗೆ ಕೊಟ್ಟೆ."

ಅದು ನನ್ನ ಹದಿನೇಳನೆಯ ಉಡಿ. ಸುವರ್ಣಾ ಮಂಚದ ಮೇಲೆ ಕೂತು ಮುಖಕ್ಕೆ ಸೆರಗು ಹಿಡಿದಳು. ಗದಗಿಗೆ ಫೋನು ಮಾಡಬೇಕೆಂದು ಎರಡು ಸಲ ಎದ್ದಳು, ಎರಡು ಸಲವೂ ಕೂತಳು. ನನ್ನನ್ನು ಇನ್ನೊಬ್ಬರಿಗೆ ದಾಟಿಸಲು ಅವಳಿಗೆ ಕೈ ಬರಲಿಲ್ಲ, ಹೊಲಿಸಿಕೊಂಡು ತೊಡಲು ಮುಖವಿರಲಿಲ್ಲ. ಖಣದ ಚೀಲದ ತಳಕ್ಕೆ ಸೇರಿಸಿ ಮೇಲೆ ಮೂವತ್ತು ಖಣ ಪೇರಿಸಿದಳು. ಆಮೇಲೆ ಎರಡು ಮನೆಗಳ ನಡುವೆ ಮಾತು ಬೇಕಾದಷ್ಟಕ್ಕೇ ನಿಂತಿತು. ಮಹಾನಂದಾ ಬಂದರೂ ನಿಂತಕಾಲಲ್ಲೇ ನೀರು ಕುಡಿದು ಹೊರಡುತ್ತಿದ್ದರು. ಚೀಲದ ತಳದಲ್ಲಿ ನಾನು ಹನ್ನೊಂದು ವರ್ಷ ಇದ್ದೆ.

ಆ ಹನ್ನೊಂದು ವರ್ಷದಲ್ಲಿ ಸುವರ್ಣಾಳ ಮಗಳು ದಾನೇಶ್ವರಿ ಆರು ವರ್ಷದವಳಿದ್ದದ್ದು ಹದಿನೇಳಾಗಿ ಪಿಯುಸಿ ಸೇರಿದಳು. ಮನೆಯಲ್ಲಿ ಅವಳನ್ನು ದಾನು ಎನ್ನುತ್ತಾರೆ. ನಾನಿದ್ದ ಕಪಾಟಿನ ಮೇಲಿನ ಅರೆ ಅವಳದು. ವಾರಕ್ಕೊಮ್ಮೆಯಾದರೂ ಬಾಗಿಲಲ್ಲಿ ಪಾರ್ಸೆಲ್ ಹುಡುಗನ ಕೂಗು, ಪ್ಲಾಸ್ಟಿಕ್ ಹರಿಯುವ ಸದ್ದು, ಮತ್ತೊಂದು ಟಾಪು. ಒಂದು ಸಲ ತೊಟ್ಟು ಫೋಟೊ, ಎರಡನೇ ಸಲ ತೊಟ್ಟರೆ ಗೆಳತಿಯರ ಕಣ್ಣು. ಮೂರನೇ ಸಲಕ್ಕೆ ಅದು ಅರೆಯ ಹಿಂದಕ್ಕೆ. ನಾನು ಒಬ್ಬಳ ಮೈ ಸಿಗಲೆಂದು ಹಂಬಲಿಸುತ್ತಿದ್ದರೆ, ಅವುಗಳಿಗೆ ಮೈ ಸಿಕ್ಕೂ ಎರಡೇ ದಿನ. ಯಾರ ಗತಿ ವಾಸಿ ಎಂದು ಆ ಕತ್ತಲೆಯಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ.

ಒಂದು ಶ್ರಾವಣದಲ್ಲಿ ಕಪಾಟಿನ ಬಾಗಿಲು ಮುಚ್ಚದಷ್ಟು ತುಂಬಿತು. ಅದೇ ಹೊತ್ತಿಗೆ ಓಣಿಯಲ್ಲಿ ದುರ್ಗವ್ವನ ದನಿ ಕೇಳಿತು. ಹಳೇ ಬಟ್ಟೆ ತಗೊಂಡು ಬದಲಿಗೆ ಸ್ಟೀಲಿನ ಪಾತ್ರೆ ಕೊಡುವವಳು ಅವಳು. ದಾನು ತನ್ನ ಟಾಪುಗಳನ್ನು ಎರಡು ತೋಳಿನ ತುಂಬ ಹೊತ್ತು ತಂದು ಕಟ್ಟೆಯ ಮೇಲೆ ಸುರಿದಳು. ಕಪಾಟಿನಿಂದ ಜಾರಿದ ಖಣದ ಚೀಲವೂ ಆ ರಾಶಿಯೊಂದಿಗೆ ಹೊರಬಂತು.

ದುರ್ಗವ್ವ ಒಂದು ಟಾಪನ್ನು ಎತ್ತಿ, ತನ್ನ ತಂಬಿಗೆಯಿಂದ ಒಂದು ಹನಿ ನೀರು ಅದರ ಮೇಲೆ ಬಿಟ್ಟಳು. ಹನಿ ಗುಂಡಗೆ ನಿಂತು, ಜಾರಿ ನೆಲಕ್ಕೆ ಬಿತ್ತು. ಇನ್ನೊಂದರ ಮೇಲೆ ಬಿಟ್ಟಳು, ಅದೂ ಹಾಗೇ.

"ಇವು ಬ್ಯಾಡ್ರಿ ತಂಗಿ," ಎಂದಳು.

"ಯಾಕ? ಎಲ್ಲಾ ಹೊಸಾವ ಅದಾವು."

"ಹೊಸಾವ ಇದ್ರ ಏನ್ ಮಾಡಲಿ? ನೀರ ಹೀರಂಗಿಲ್ಲ. ನಾ ಇವನ್ನ ಗ್ಯಾರೇಜಿನವರಿಗೆ ಒರಸಾಕ ಮಾರಾಕಿ. ಒರಸಾಕೂ ಬರಲಾರದ ಬಟ್ಟಿಗೆ ಒಂದು ಚಮಚಾನೂ ಕೊಡಂಗಿಲ್ಲ."

ದಾನುವಿನ ಮುಖ ಸಣ್ಣದಾಯಿತು. "ಮತ್ತ ಇವು ಎಲ್ಲಿ ಹೋಗ್ತಾವು?"

"ಊರ ಹೊರಗ ಕಸದ ಗುಡ್ಡಿ ಐತಲ್ರಿ, ಅಲ್ಲಿ. ಅದರ ಮಗ್ಗಲಕ್ಕ ನಮ್ಮ ಮನಿ. ಬೆಂಕಿ ಬಿದ್ರ ಬಟ್ಟಿ ಸುಟ್ಟ ವಾಸನಿ ಬರಂಗಿಲ್ರಿ, ಪ್ಲಾಸ್ಟಿಕ್ ಸುಟ್ಟಂಗ ಬರ್ತೈತಿ. ಕಿಡಕಿ ಮುಚ್ಚಿಕೊಂಡು ಕೂಡ್ತೀವಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಚೀಲದ ಕಡೆ ಬೆರಳು ತೋರಿಸಿದಳು. "ಆ ಖಣದ ಗಂಟು ಕೊಡ್ರಿ ಬೇಕಾದ್ರ. ದೊಡ್ಡ ಡಬರಿ ಕೊಡ್ತೀನಿ."

ಮೈಗೆ ತಾಗದೆ ಗ್ಯಾರೇಜಿನ ಎಣ್ಣೆಗೆ ಹೋಗುವುದೇ ನನ್ನ ಹಣೆಬರಹವೇ ಎಂದುಕೊಂಡೆ. ಸುವರ್ಣಾ ಒಳಗಿಂದ ಓಡಿಬಂದು ಚೀಲವನ್ನು ಕಸಿದುಕೊಂಡಳು. "ಉಡಿ ತುಂಬೂ ಖಣ ಅವು," ಎಂದು ಗದರಿ ಒಳಗೆ ಒಯ್ದಳು. ದಾನು ಮಾತ್ರ ಕಟ್ಟೆಯ ಮೇಲೆ ತನ್ನ ಟಾಪುಗಳ ನಡುವೆ ಕೂತೇ ಇದ್ದಳು. ದುರ್ಗವ್ವನ ಕೂಗು ಓಣಿಯ ತುದಿ ದಾಟಿದ ಮೇಲೂ ಎದ್ದಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ, ಬರುವ ಪಂಚಮಿಯವರೆಗೆ ಹೊಸ ಬಟ್ಟೆ ಕೊಳ್ಳುವುದಿಲ್ಲ ಎಂದಳು. ಅಪ್ಪ ನಕ್ಕು, ತಿಂಗಳು ತಡೆದರೆ ಸಾಕು ಎಂದ. ದಾನು ಹಟದ ಹುಡುಗಿ. ಟಾಪುಗಳನ್ನು ಎಸೆಯಲಿಲ್ಲ, ಇದ್ದವನ್ನೇ ತೊಟ್ಟಳು. ಒಂದೇ ನೀಲಿ ಟಾಪು ವಾರದಲ್ಲಿ ಎರಡು ದಿನ ಕಂಡಿತೆಂದು ಗೆಳತಿಯರು ಚೇಷ್ಟೆ ಮಾಡಿದ್ದನ್ನು ಅಮ್ಮನ ಮುಂದೆ ಹೇಳಿ ನಕ್ಕಳು. ನಗು ಮುಗಿದ ಮೇಲೆ ಆ ನೀಲಿ ಟಾಪನ್ನು ತಾನೇ ಒಗೆದು ಒಣಹಾಕಿದಳು.

ಸಂಕ್ರಾಂತಿ ಹತ್ತಿರ ಬಂದಾಗ ಕಾಲೇಜಿನಲ್ಲಿ ಎಥ್ನಿಕ್ ಡೇ ಎಂದಾಯಿತು. ಗೆಳತಿಯರೆಲ್ಲ ಒಂದೇ ಬಣ್ಣದ ಲೆಹಂಗಾ ತರಿಸಿ, ಬೆಲೆಯ ಚೀಟಿ ಕೀಳದೆ ಒಳಗೆ ಮಡಚಿಟ್ಟು ಒಂದು ದಿನ ತೊಟ್ಟು, ಮರುದಿನ ಅಂಗಡಿಗೆ ವಾಪಸು ಕಳಿಸುವುದೆಂದು ಗೊತ್ತುಮಾಡಿದರು. ದಾನು ಒಲ್ಲೆ ಎಂದಳು. ಶ್ರೇಯಾ ಎಂಬ ಗೆಳತಿಯ ಮಾತು ಫೋನಿನಿಂದ ನನಗೂ ಕೇಳಿಸಿತು.

"ಎಲ್ಲಾರೂ ಒಂದ ಥರಾ ಇರ್ತೀವಿ, ನೀ ಒಬ್ಬಾಕಿನ ಬ್ಯಾರೆ ಕಾಣ್ತಿ. ಗ್ರೂಪ್ ಫೋಟೊದಾಗ ನಿಲ್ಲಬ್ಯಾಡ ಮತ್ತ."

ದಾನು ಫೋನಿಟ್ಟು ಕಪಾಟಿನ ಬಾಗಿಲಿಗೆ ಒರಗಿ ಅತ್ತಳು. ನನ್ನ ಮತ್ತು ಅವಳ ನಡುವೆ ಒಂದು ಹಲಗೆ ಮಾತ್ರ ಇತ್ತು. ಅವಳಿಗೆ ಬೇಕಾದದ್ದು ಒಂದು ಒಳ್ಳೆಯ ಉಡುಪು, ನನಗೆ ಬೇಕಾದದ್ದು ಒಂದು ಮೈ. ನಾನು ಇಲ್ಲಿದ್ದೇನೆ ಎಂದು ಕೂಗಲು ನನಗೆ ಬಾಯಿರಲಿಲ್ಲ.

ಮರುದಿನ ಅವಳು ಖಣದ ಚೀಲ ಬಿಚ್ಚಿದಳು. ಒಂದು ಬಟ್ಟಲು ನೀರಿಟ್ಟುಕೊಂಡು, ದುರ್ಗವ್ವ ಮಾಡಿದ ಹಾಗೆ ಪ್ರತಿ ಖಣದ ಮೂಲೆಗೂ ಒಂದೊಂದು ಹನಿ ಬಿಟ್ಟಳು. ಹನಿ ಜಾರಿದ್ದು ಒಂದು ಕಡೆ, ಹೀರಿದ್ದು ಇನ್ನೊಂದು ಕಡೆ. ಕೊನೆಗೆ ನಾನು. ಇಪ್ಪತ್ತು ವರ್ಷದಲ್ಲಿ ನನ್ನನ್ನು ಮುಟ್ಟಿದ ಮೊದಲ ನೀರು ಅದು. ಹೀರಿದೆ. ಅವಳು ಬಾಗಿ ನೋಡಿ, ತೇವವಾದ ಮೂಲೆಯನ್ನು ಕೆನ್ನೆಗೆ ಒತ್ತಿಕೊಂಡಳು.

ಮೂವತ್ತೊಂದು ಖಣದಲ್ಲಿ ಹೀರಿದವು ಹನ್ನೊಂದು. ಅವನ್ನು ಪಟ್ಟಿಪಟ್ಟಿಯಾಗಿ ಜೋಡಿಸಿ ಒಂದು ಲಂಗ ಹೊಲಿಸುವುದು ಅವಳ ಯೋಚನೆ. ಲಂಗದ ಮುಂಭಾಗದ ಪಟ್ಟಿ ನಾನೇ ಎಂದು ನೆಲದ ಮೇಲೆ ಹಾಸಲು ನನ್ನನ್ನು ಎತ್ತಿದಾಗ ಚೀಟಿ ಜಾರಿತು. ಓದಿದಳು. ಅಮ್ಮನ ಮುಂದೆ ಹಿಡಿದಳು. ಸುವರ್ಣಾ ಹನ್ನೊಂದು ವರ್ಷ ಯಾರಿಗೂ ಹೇಳದಿದ್ದನ್ನು ಅಂದು ಮಗಳಿಗೆ ಹೇಳಿದಳು.

"ಅದನ್ನ ಮುಟ್ಟಬ್ಯಾಡ ದಾನೂ. ಅಕ್ಕಾರ ಕಣ್ಣಿಗೆ ಬಿದ್ರ ಮತ್ತ ಎಲ್ಲಾ ನೆನಪಾಗ್ತೈತಿ."

"ಹಂಗಂತ ಮುಚ್ಚಿಟ್ರ ಮರ್ತಾರೇನ್ ಮಮ್ಮೀ?"

"ಖಣ ಎಲ್ಲಾ ನೀ ಲಂಗಾ ಮಾಡ್ಕೊಂಡ್ರ ಬಂದವರ ಉಡಿಗೆ ಏನ್ ಹಾಕ್ಲಿ?"

"ಯಾರೂ ಹೊಲಿಸ್ಕೊಳ್ಳಂಗಿಲ್ಲಲ್ಲ. ಸುಮ್ನ ತಿರುಗತಾವು."

"ತಿರುಗ್ಲಿ. ನೀ ಒಂದ್ ಅಂಗಿ ಎರಡ ಸಲ ಹಾಕ್ಕೊಂಡು ಒಗೀತಿದ್ದಿ. ಈ ಖಣ ಹದಿನೈದಿಪ್ಪತ್ತು ಹೆಣ್ಮಕ್ಕಳ ಮರ್ಯಾದಿ ಉಳಿಸೈತಿ. ಹಾಳ್ ಮಾಡೀದವರು ಯಾರು ಹಂಗಾದ್ರ?"

ದಾನು ಚೀಟಿಯನ್ನು ಮತ್ತೊಮ್ಮೆ ಓದಿದಳು. ಸುವರ್ಣಾ ಹೇಳಿದ್ದು ಸುಳ್ಳಲ್ಲ. ಆದರೆ ಮರ್ಯಾದೆ ಉಳಿಸಿದ ಬಟ್ಟೆಗೂ ಒಂದು ಆಸೆ ಇರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ದಾನು ಅಮ್ಮನ ಎದುರೇ ಗದಗಿಗೆ ಫೋನು ಹಚ್ಚಿದಳು. ಸುವರ್ಣಾ ಬೇಡ ಬೇಡ ಎಂದು ಕೈ ಆಡಿಸುತ್ತಲೇ ಇದ್ದಳು.

"ಅತ್ತೀ, ನಾನ್ರಿ ದಾನು. ನೀವು ಮಮ್ಮಿಗೆ ಕೊಟ್ಟ ಕೆಂಪು ಖಣ ಐತಲ್ರಿ, ಆನಿ ಹೆಜ್ಜಿದು. ನಾ ಹೊಲಿಸ್ಕೊಳ್ಳಲೇನ್ರಿ?"

ಆ ಕಡೆಯಿಂದ ಮಹಾನಂದಾ ಅವರ ದನಿ ಬಂತು. "ಇನ್ನೂ ಐತೇನದು? ನಾ ಎಲ್ಲೋ ದಾಟಿಸ್ಯಾಳ ಅಂದ್ಕೊಂಡಿದ್ದೆ."

"ಇಲ್ರಿ ಅತ್ತಿ. ಮಮ್ಮಿ ಯಾರಿಗೂ ಕೊಟ್ಟಿಲ್ಲ."

"ಹೊಲಿಸ್ಕೋ ಮತ್ತ. ದಡಿ ಮುಂದ ಬರಂಗ ಹೊಲಿಸು, ಚಂದ ಕಾಣ್ತೈತಿ."

ಫೋನಿಟ್ಟ ಮೇಲೆ ಸುವರ್ಣಾ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯತೊಡಗಿದಳು. ಆ ಪಾತ್ರೆಗಳನ್ನು ಆಗಲೇ ತೊಳೆದಾಗಿತ್ತು. ನನಗೋ, ಕೇಳಬೇಡಿ. ಲಂಗದ ಮುಂಭಾಗ, ಹಸಿರು ದಡಿ ಎದ್ದು ಕಾಣುವ ಹಾಗೆ, ನಡೆದಾಗಲೆಲ್ಲ ಬಿಸಿಲು ತಾಗುವ ಹಾಗೆ. ನಾನು ಆಗಲೇ ನಡೆಯುತ್ತಿದ್ದೆ.

ದರ್ಜಿ ಪಿಸೆ ಕಾಕಾ ಓಣಿಯ ತಿರುವಿನಲ್ಲಿ ಕೂರುತ್ತಾರೆ. ಮೂಗಿನ ತುದಿಗೆ ಕನ್ನಡಕ, ಕೊರಳಲ್ಲಿ ಅಳತೆ ಟೇಪು. ದಾನು ಖಣಗಳ ಜೊತೆ ತನ್ನದೊಂದು ಟಾಪನ್ನೂ ಅಳತೆಗೆ ತಂದಿದ್ದಳು. ಕಾಕಾ ಅದನ್ನು ತಿರುವಿ ಒಳಗಿನ ಹೊಲಿಗೆ ನೋಡಿದರು.

"ಇದನ್ನ ಹೊಲಿಯಾಕ ಎಷ್ಟ ಹೊತ್ತು ಬೇಕ್ರಿ ಕಾಕಾ?"

"ನನಗ ಅರ್ಧಾ ದಿನಾ ಬೇಕವಾ. ಇಷ್ಟ ಸಸ್ತಾ ಸಿಗ್ತೈತಿ ಅಂದ್ರ ಎಲ್ಲೋ ಒಬ್ಬಾಕಿ ಊಟ ಬಿಟ್ಟು ಹೊಲ್ದಿರಬೇಕು."

ದಾನು ಆ ಟಾಪನ್ನು ಮಡಚಿ ಮಡಿಲ ಮೇಲಿಟ್ಟುಕೊಂಡಳು. ಕಾಕಾ ಹತ್ತು ಖಣಗಳನ್ನು ಒಂದೊಂದಾಗಿ ಬಿಚ್ಚಿ ಅಳೆದರು. ಕೊನೆಗೆ ನನ್ನನ್ನು ಕೈಗೆತ್ತಿಕೊಂಡು, ಅಂಗಡಿಯವನು ಹಾಕಿದ ಮಡಿಕೆಯನ್ನು ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಬಿಚ್ಚಿದರು. ಪರ್ ಎಂದು ಸಣ್ಣ ಸದ್ದಾಯಿತು. ಇನ್ನೊಂದು ಮಡಿಕೆ ಬಿಚ್ಚಿದರು, ಮತ್ತೆ ಅದೇ ಸದ್ದು. ಕಾಕಾ ನನ್ನನ್ನು ಬೆಳಕಿಗೆ ಹಿಡಿದರು. ಮಡಿಕೆಯ ಗೆರೆಗಳುದ್ದಕ್ಕೂ ಬೆಳಕು ತೂರಿ ಬರುತ್ತಿತ್ತು. ಹೊರ ಮಡಿಕೆಗಳು ಹದಿನೇಳು ಉಡಿಯ ಕಾಯಿಯ ಪಸೆ ಹತ್ತಿ, ಕೈ ತಾಗಿ ಸವೆದು, ನವೆದುಹೋಗಿದ್ದವು.

"ಇದು ಸತ್ತೈತವಾ," ಎಂದರು ಕಾಕಾ. "ವರ್ಷಕ್ಕೊಮ್ಮೆರ ಬಿಚ್ಚಿ ಬ್ಯಾರೆ ಕಡೆ ಮಡಚಬೇಕಿತ್ತು. ದಡಿ ಪೂರಾ ಹೋಗೈತಿ. ಹಳೇ ಚಿಂದಿ ಸೇರಿಸಿ ಕೌದಿ ಹಾಕವರಿಗೆ ಕೊಟ್ಟಬಿಡು."

ನಾನು ಏನು ಹೇಳಲಿ. ಕೂಗದೆ, ಕಾಡದೆ, ಮಡಿಕೆ ಮುರಿಯದೆ ಇದ್ದದ್ದೇ ನನ್ನನ್ನು ತಿಂದಿತ್ತು. ದಾನು ನನ್ನನ್ನು ಕಾಕಾನ ಕೈಯಿಂದ ತಗೊಂಡು, ಹರಿಯದ ಹಾಗೆ ಮೆಲ್ಲಗೆ ಮೇಜಿನ ಮೇಲೆ ಹಾಸಿ, ಒಂದೊಂದು ಚೌಕವನ್ನೂ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದಳು. ನಟ್ಟನಡುವಿನ ಎರಡು ಚೌಕ ಗಟ್ಟಿಯಿದ್ದವು. ಗೇಣು ಅಗಲ, ಒಂದೂವರೆ ಗೇಣು ಉದ್ದ.

"ಇವೆರಡು ಚೊಲೋ ಅದಾವಲ್ರಿ ಕಾಕಾ."

"ಅಷ್ಟರಾಗ ಏನ್ ಆಗ್ತೈತಿ?"

"ಕಿಸೆ ಆಗ್ತೈತಿ."

ಕಾಕಾ ಕನ್ನಡಕದ ಮೇಲಿಂದ ನೋಡಿದರು. "ಹುಡುಗ್ಯಾರ ಲಂಗಕ್ಕ ಯಾರರ ಕಿಸೆ ಇಡ್ತಾರೇನು?"

"ಗಂಡಹುಡುಗ್ರ ಪ್ಯಾಂಟಿಗೆ ನಾಕ್ನಾಕ್ ಇಡ್ತೀರಲ್ರಿ. ನನಗ ಒಂದಿಡ್ರಿ. ಆಳ ಇರ್ಲಿ."

ಕತ್ತರಿ ನನ್ನ ಬಳಿ ಬಂದಾಗ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ನನ್ನ ದಡಿ, ನನ್ನ ಅಂಚಿನ ಆನೆ ಹೆಜ್ಜೆಗಳು, ನನ್ನ ಬಹುಪಾಲು ಮೈ ಮೇಜಿನಿಂದ ಕೆಳಗೆ ಬಿತ್ತು. ದಾನು ಆ ತುಂಡುಗಳನ್ನು ಬಳಿದು ಮನೆಗೆ ಒಯ್ದು ಅಮ್ಮನಿಗೆ ಕೊಟ್ಟಳು. ಈಗ ಅವು ಒಂದು ಕೌದಿಯ ಹೊಟ್ಟೆಯಲ್ಲಿವೆ. ಉಳಿದ ಎರಡು ಚೌಕಗಳ ಅಂಚಿಗೆ ಸೂಜಿ ಇಳಿಯಿತು. ನೋವೇ ಅದು, ಆದರೆ ಎಷ್ಟು ವರ್ಷ ಕಾದ ನೋವು.

ಎಥ್ನಿಕ್ ಡೇ ದಿನ ಹತ್ತು ಖಣಗಳು ಹೊರಗೆ ಮೆರೆದವು. ನಾನು ಬಲ ಸೊಂಟದ ಹತ್ತಿರ, ಒಳಗೆ, ಯಾರಿಗೂ ಕಾಣದೆ ನೇತಾಡುತ್ತಿದ್ದೆ. ಅಸೂಯೆಯಾಯಿತು. ದಾನು ಕಾಲೇಜಿನ ಗೇಟಿನಲ್ಲಿ ಒಂದೇ ಬಣ್ಣದ ಗುಂಪನ್ನು ಕಂಡು ನಿಂತಳು. ಆಗ ಅವಳ ಕೈ ನನ್ನೊಳಗೆ ಬಂತು. ಬೆವರಿತ್ತು, ತಣ್ಣಗಿತ್ತು. ಬೆರಳುಗಳು ನನ್ನ ತಳದ ಮೂಲೆಯನ್ನು ಹುಡುಕಿ ಮುಷ್ಟಿಯಲ್ಲಿ ಹಿಡಿದವು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಕೈ ನನ್ನನ್ನು ಹಿಡಿದಿದ್ದವು, ಎಲ್ಲವೂ ಕೊಡಲಿಕ್ಕೆ. ಈ ಕೈ ಹಿಡಿದದ್ದು ಹಿಡಿದುಕೊಳ್ಳಲಿಕ್ಕೆ. ಆ ಬೆವರನ್ನು ನಾನು ಹೀರಿಕೊಂಡೆ. ಸ್ವಲ್ಪ ಹೊತ್ತಿಗೆ ಕೈ ಬೆಚ್ಚಗಾಯಿತು, ದಾನು ಒಳಗೆ ನಡೆದಳು.

ಗ್ರೂಪ್ ಫೋಟೊದಲ್ಲಿ ಅವಳನ್ನು ತುದಿಗೆ ನಿಲ್ಲಿಸಿದರು. ಶ್ರೇಯಾ ತನ್ನ ಫೋನು ಇಡಲು ಜಾಗವಿಲ್ಲದೆ ದಿನವಿಡೀ ದಾನುವಿನ ಕಿಸೆಯಲ್ಲೇ ಇಟ್ಟಳು. ಸಂಜೆಗೆ ತನ್ನ ಲೆಹಂಗಾಕ್ಕೆ ಸಾರು ಚೆಲ್ಲಿ, ವಾಪಸು ಕಳಿಸಲಾಗದೆ ಪೇಚಾಡುತ್ತಾ, "ನಿಮ್ಮ ಟೇಲರ್ ಅಂಗಡಿ ಎಲ್ಲೈತಿ?" ಎಂದು ಕೇಳಿದಳು.

ಯುಗಾದಿಗೆ ಮಹಾನಂದಾ ಬಂದರು. ನಿಂತಕಾಲಲ್ಲೇ ಲಂಗವನ್ನು ನೋಡಿದರು, ಮುಂಭಾಗದ ಪಟ್ಟಿ ನೋಡಿದರು. "ದಡಿ ಎಲ್ಲೈತಿ?" ಎಂದರು.

"ದಡಿ ಉಳೀಲಿಲ್ರಿ ಅತ್ತಿ. ನಡುವಿಂದ ಅಷ್ಟ ಉಳದೈತಿ. ಇಲ್ಲಿ ಕೈ ಹಾಕ್ರಿ."

ಅವರು ಕೈ ಹಾಕಿದರು. ವಯಸ್ಸಾದ ಕೈ, ಬಳೆ ಸಡಿಲಾಗಿತ್ತು. ಹೆಬ್ಬೆರಳು ಆನೆ ಹೆಜ್ಜೆಗಳ ಮೇಲೆ ಓಡಾಡಿತು, ಕನ್ನಡಿಯ ಮುಂದೆ ಭುಜದ ಮೇಲಿಟ್ಟುಕೊಂಡವರ ಕೈಯೇ ಅದು. ಬೇಗ ತೆಗೆಯಲಿಲ್ಲ. ಇವರ ರವಿಕೆಯಾಗಿದ್ದರೆ ನಾನು ಎಂದೋ ಹರಿದು ಮುಗಿದಿರುತ್ತಿದ್ದೆ. ಹಾಗಾಗಿದ್ದರೂ ಚೆನ್ನಾಗಿತ್ತು ಎಂದು ಆ ಹೊತ್ತಿನಲ್ಲಿ ಅನಿಸಿತು. ಆಮೇಲೆ ಅವರು ಕುರ್ಚಿ ಎಳೆದು ಕೂತರು.

"ಚಾ ಮಾಡವಾ ಸುವರ್ಣಾ. ಸಕ್ರಿ ಕಮ್ಮಿ," ಎಂದರು.

ಅವತ್ತು ಸುವರ್ಣಾ ಖಣದ ಚೀಲವನ್ನೇ ಅವರ ಮುಂದಿಟ್ಟು, ಹೊಲಿಸಿಕೊಳ್ಳುವುದಾದರೆ ಯಾವುದು ಬೇಕೋ ಆರಿಸಿಕೊಳ್ಳಿ ಎಂದಳು. ಈಗ ಎಲ್ಲರಿಗೂ ಹಾಗೇ ಕೇಳುತ್ತಾಳೆ. ಕೆಲವರು ಆರಿಸುತ್ತಾರೆ, ಕೆಲವರು ಇವಳಿಗೇನಾಯಿತು ಎಂದು ನೋಡುತ್ತಾರೆ.

ಆಮೇಲಿನ ಐದು ವರ್ಷ ನನ್ನ ಬದುಕು. ನನ್ನೊಳಗೆ ಬಸ್ ಟಿಕೀಟು, ಶೇಂಗಾ ಚಿಕ್ಕಿ, ಬಾರೆಹಣ್ಣಿನ ಬೀಜ, ಒಮ್ಮೆ ಒಂದು ಮಡಚಿದ ಪತ್ರ. ಫಲಿತಾಂಶದ ದಿನ ಆ ಮುಷ್ಟಿ ನನ್ನ ಮೂಲೆಯನ್ನು ಹಿಡಿಯಿತು. ಅವಳ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಹಿಡಿಯಿತು. ಹೊರಗಿನ ಹತ್ತು ಖಣಗಳನ್ನು ಎಲ್ಲರೂ ಹೊಗಳಿದರು, ಆದರೆ ಅವಳ ಕೈ ಯಾವಾಗ ಮುಷ್ಟಿಯಾಗುತ್ತದೆ ಎಂಬುದು ಅವುಗಳಿಗೆ ಗೊತ್ತಾಗಲಿಲ್ಲ.

ದಾನು ಬೆಳೆದಳು. ಪಿಸೆ ಕಾಕಾ ಎರಡು ಸಲ ಸೊಂಟ ಬಿಡಿಸಿದರು, ಮೂರನೇ ಸಲಕ್ಕೆ ಬಿಡಿಸಲು ಬಟ್ಟೆಯಿರಲಿಲ್ಲ. ಎದುರುಮನೆಯ ಎಂಟು ವರ್ಷದ ಸಮೃದ್ಧಿಗೆ ಕೊಡುತ್ತೇನೆ ಎಂದಳು. ಇದು ನನ್ನ ಹದಿನೆಂಟನೆಯ ಉಡಿ ಎಂದುಕೊಂಡೆ. ಕೊಡುವ ಮೊದಲು ಅವಳು ನನ್ನನ್ನು ಹೊರಗೆಳೆದು ಕೊಡವಿ, ಮತ್ತೆ ಒಳಗೆ ತಳ್ಳಿ, ಕೈಯನ್ನು ಅಲ್ಲೇ ಬಿಟ್ಟು ಸ್ವಲ್ಪ ಹೊತ್ತು ಕೂತಳು. ನಾನು ಆ ಬಿಸಿಯನ್ನು ಹೀರಿದಷ್ಟೂ ಹೀರಿದೆ. ಆ ಕೈ ಈಗ ಧಾರವಾಡದಲ್ಲಿದೆ. ದಿನವೂ ನೆನಪಾಗುತ್ತದೆ.

ದಾನು ಊರು ಬಿಡುವ ಮೊದಲೇ ಕಾಕಾ ಲಂಗವನ್ನು ಮೊಟಕು ಮಾಡಿ ಸೊಂಟ ಬಿಗಿದರು. ನನ್ನನ್ನು ಮಾತ್ರ ಮುಟ್ಟಲಿಲ್ಲ. ಸಮೃದ್ಧಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಳು. ಮೊಣಕೈವರೆಗೆ ಮುಳುಗಿದರೂ ಬೆರಳು ನನ್ನ ತಳ ಮುಟ್ಟಲಿಲ್ಲ.

"ಅಕ್ಕಾ, ಇದರ ತಳ ಸಿಗವಲ್ದು."

"ಸಿಗ್ತೈತಿ. ಬೆಳಿ," ಎಂದಳು ದಾನು.

ಅಂದು ಆ ಬೆರಳಿಗೂ ನನ್ನ ಮೂಲೆಗೂ ನಾಲ್ಕು ಬೆರಳಿನ ಅಂತರವಿತ್ತು. ಮೊನ್ನೆ ಪಂಚಮಿಗೆ ಅದು ಮೂರಾಗಿದೆ.